ಗಿಣ್ಣ ಹಂಚಿದ ಗುತ್ತೆವ್ವ

ಗಿಣ್ಣವೆಂದರೆ ನನಗೆ ಇವತ್ತಿಗೂ ವಾಕರಿಕೆ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ಮುಖ ತಿರುಗಿಸಿಕೊಂಡೇ ಬಟ್ಟಲು ಇಸಿದುಕೊಳ್ಳುತ್ತೇನೆ. ಬೆಲ್ಲ, ಏಲಕ್ಕಿಯ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅಗಡಿಯ ನಮ್ಮ ಮನೆಯ ಬಾಣಂತಿ ಕೋಣೆ, ಅದರ ಹೊಗೆ, ಬಚ್ಚಲ ಮೋರಿ ಎಲ್ಲವೂ ಒಟ್ಟಿಗೆ ಗಂಟಲಿಗೆ ಬರುತ್ತವೆ. ಇದು ನಮ್ಮವ್ವ ಗುತ್ತೆವ್ವನ ಸಂಗತಿ. ಹೊಗಳುವುದಕ್ಕೆಂದು ಹೇಳುತ್ತಿಲ್ಲ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಅಪ್ಪ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಅವ್ವ ಎರಡು ಎಮ್ಮೆ ಕಟ್ಟಿ ಸಂಸಾರ ಎಳೆದಳು. ದಿನಾ ಬೆಳಗ್ಗೆ ಹಾಲಿನ ಕ್ಯಾನಿನೊಂದಿಗೆ ಬಸ್ಸು ಹತ್ತಿ ಹಾವೇರಿಗೆ ಹೋಗಿ, ವಕೀಲರ ಮನೆ, ಮಾಸ್ತರರ ಮನೆ ಎಂದು ತಿರುಗಿ ಹಾಲು ಹಾಕಿ ಬರುತ್ತಿದ್ದಳು. ಹಾಲಿಗೆ ನೀರು ಬೆರೆಸುತ್ತಿದ್ದಳೇ? ಬೆರೆಸುತ್ತಿದ್ದಳು, ಮುಚ್ಚಿಡುವುದೇನಿದೆ! ಯಾರಾದರೂ ಕೇಳಿದರೆ, ಎಮ್ಮೆ ನೀರನ್ನೇ ಕುಡಿಯುತ್ತದೆ, ಸೀಮೆಎಣ್ಣೆ ಕುಡಿಯುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಗಿರಾಕಿಗೆ ಮಾಡಿದ ಮೋಸವನ್ನು ಅವಳು ಕರುವಿಗೆ ಎಂದೂ ಮಾಡಲಿಲ್ಲ. ಓಣಿಯಲ್ಲಿ ಉಳಿದವರು ಕರು ಬಾಯಿ ಹಾಕಿದ ಕೂಡಲೇ ಹಗ್ಗ ಹಿಡಿದು ಎಳೆಯುತ್ತಿದ್ದರು. ಅವ್ವ ಹಾಗಲ್ಲ, ಅದು ಹೊಟ್ಟೆ ತುಂಬಾ ಕುಡಿಯುವವರೆಗೆ ಪಾತ್ರೆ ಹಿಡಿದು ಕಾಯುತ್ತಿದ್ದಳು. ಕರುವಿನ ಪಾಲು ಕರುವಿಗೆ ಎನ್ನುತ್ತಿದ್ದಳು. ಈ ಒಂದು ಮಾತಿಗೆ ಊರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು.

ಮನೆಯಲ್ಲಿದ್ದ ಇನ್ನೊಬ್ಬಳು ಮುದುಕವ್ವ, ಅಪ್ಪನ ತಾಯಿ, ನನ್ನ ಅಜ್ಜಿ. ಪಡಸಾಲೆಯ ಮೂಲೆ ಹಿಡಿದು ಕೂತರೆ ಏಳುತ್ತಿರಲಿಲ್ಲ. ಹಲ್ಲು ಉದುರಿದ ಬಾಯಿಯಲ್ಲಿ ಕುಟ್ಟಿದ ಎಲೆಯಡಿಕೆ, ಗದ್ದದ ಮೇಲೆ ಇಳಿಯುವ ಕೆಂಪು ರಸ, ಪಕ್ಕದಲ್ಲಿ ಉಗುಳುವ ಚಂಬು. ಆ ಚಂಬನ್ನು ದಿನಾ ತೊಳೆಯುವವಳೂ ಅವ್ವನೇ. ಕೂತಲ್ಲಿಂದಲೇ ಮುದುಕವ್ವ ಮನೆ ಆಳುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಕೊರಳಪಟ್ಟಿ ಹಿಡಿಯುವ ನಮ್ಮವ್ವ ಅವಳ ಮುಂದೆ ಮಾತ್ರ ಹಸು.

ನನ್ನ ಗಂಡ ಫಕ್ಕೀರೇಶನಿಗೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ. ಎಂಬತ್ತೆಂಟರಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದೆ. ಹಾವೇರಿಯ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಲಗೂನೆ ಎದೆಗೆ ಹಚ್ಚಿರೆಂದು ನರ್ಸಬಾಯಿ ಹೇಳಿ ಹೋದಳು. ಅವ್ವ ತಲೆಯಾಡಿಸಿದಳು, ನರ್ಸಬಾಯಿ ಆಚೆ ಹೋದ ಮೇಲೆ ಕೂಸನ್ನು ನನ್ನ ಮಗ್ಗುಲಿಂದ ಎತ್ತಿಕೊಂಡಳು. ಮೊದಲ ಮೂರು ದಿನದ ಹಾಲು ನಂಜು, ಕೂಸಿನ ಬಾಯಿಗೆ ಹೋಗಕೂಡದು ಎಂದು ಮುದುಕವ್ವ ಮನೆಯಿಂದಲೇ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು. ಮರುದಿನ ನಮ್ಮನ್ನು ಮನೆಗೆ ಕರೆತಂದರು.

ಅಲ್ಲಿಂದ ಶುರುವಾಯಿತು ನನ್ನ ಹೇಸಿಗೆ. ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಕಣ್ಣು ಬಿಡಲಾಗದ ಹೊಗೆ. ಕೂಸಿನ ಬಾಯಿಗೆ ಅರಳೆ ಬತ್ತಿಯಲ್ಲಿ ಸಕ್ಕರೆ ನೀರು, ಮೇಲೆ ಒಂದು ಬೆರಳು ಔಡಲೆಣ್ಣೆ. ಹೊತ್ತು ಹೊತ್ತಿಗೆ ಅವ್ವ ಬಂದು, ಎಮ್ಮೆ ಹಿಂಡಿ ಜಡ್ಡುಗಟ್ಟಿದ ಅದೇ ಕೈಯಿಂದ ನನ್ನ ಎದೆ ಹಿಂಡುತ್ತಿದ್ದಳು. ಹಳದಿ ಬಣ್ಣದ ಗಟ್ಟಿ ಹಾಲು ತೊಟ್ಟು ತೊಟ್ಟಾಗಿ ಬಟ್ಟಲಿಗೆ ಬೀಳುತ್ತಿತ್ತು. ಅದನ್ನು ಒಯ್ದು ಬಚ್ಚಲಿಗೆ ಸುರಿದು, ಮೇಲೆ ಬೂದಿ ಚೆಲ್ಲಿ, ಕೈ ತೊಳೆದುಕೊಂಡು ಬರುತ್ತಿದ್ದಳು. ಕೈ ತೊಳೆದುಕೊಳ್ಳುತ್ತಿದ್ದಳು ನೋಡಿ! ನನಗೆ ನನ್ನ ಮೈಯೇ ಹೊಲಸು ಎನ್ನಿಸತೊಡಗಿತು. ಪಕ್ಕದಲ್ಲಿ ಕೂಸು ಹಸಿದು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಎಮ್ಮೆ ಚಂದ್ರಿಯೂ ಈಯಿತು. ಗೋಡೆಯ ಆಚೆಯೇ ಕೊಟ್ಟಿಗೆ, ಎಲ್ಲವೂ ಕೇಳಿಸುತ್ತಿತ್ತು. ಕರು ಎದ್ದು ನಿಲ್ಲುವುದರೊಳಗೆ ಅವ್ವ ಅದರ ಬಾಯಿಯನ್ನು ಕೆಚ್ಚಲಿಗೆ ಹಿಡಿದು, ಕುಡಿಯೋ ನಮ್ಮಪ್ಪ, ಕುಡಿಯೋ ರಾಜಾ ಎಂದು ರಮಿಸುತ್ತಿದ್ದಳು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಹಿಂಡಿ, ಬೆಲ್ಲ ಹಾಕಿ ಗಿಣ್ಣ ಕಾಸಿದಳು. ಓಣಿಯ ಮನೆಮನೆಗೂ ಬಟ್ಟಲು ಹೋದವು. ಚಂದ್ರಿಯ ಗಿಣ್ಣ ಏನು ರುಚಿ, ಏನು ರುಚಿ ಎಂದು ಮಂದಿ ಬಾಗಿಲಿಗೆ ಬಂದು ಹೇಳಿ ಹೋದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಒಳಗೆ ಮಲಗಿಕೊಂಡು ನಾನು ಅದನ್ನೇ ನೆನೆಯುತ್ತಿದ್ದೆ.

ಆದಿತ್ಯವಾರ ಫಕ್ಕೀರೇಶ ಬಂದ. ಕೈಚೀಲದಲ್ಲಿ ಒಂದು ಪುಡಿಹಾಲಿನ ಡಬ್ಬಿ, ಗಾಜಿನ ಬಾಟಲಿ, ರಬ್ಬರಿನ ತೊಟ್ಟು. ಡಬ್ಬಿಯ ಮೇಲೆ ಒಂದು ದಪ್ಪ ಕೂಸಿನ ಚಿತ್ರ. ಅವರ ಸಾಹೇಬರ ಕಾಲನಿಯಲ್ಲಿ ಕಲಿತವರೆಲ್ಲ ಇದನ್ನೇ ಹಾಕುತ್ತಾರಂತೆ, ಅಲ್ಲಿಯ ಕೂಸುಗಳು ಸೇಬಿನ ಹಾಗಿವೆಯಂತೆ. ಎಲ್ಲರ ಮುಂದೆ ಸೆರಗು ಸರಿಸಿ ಕೂಡುವುದು ಹಳ್ಳಿಯವರ ಪದ್ಧತಿಯಂತೆ. ನಮ್ಮ ಕೂಸು ಸ್ವಲ್ಪ ಕಪ್ಪು, ಇದನ್ನು ಕುಡಿದರೆ ಬೆಳ್ಳಗಾಗುತ್ತದೆ ಎಂದೂ ಅಂದ. ಇಷ್ಟನ್ನು ಹೇಳುವಾಗ ಅವನ ಬಾಯಲ್ಲಿ ಗಿಣ್ಣವಿತ್ತು. ಬಟ್ಟಲು ನೆಕ್ಕಿ, ಇನ್ನಷ್ಟು ಹಾಕಿಸಿಕೊಂಡ.

ಅವ್ವನಿಗೆ ಡಬ್ಬಿ ಬೇಡ. ಕೊಟ್ಟಿಗೆಯಲ್ಲಿ ಎಮ್ಮೆ ಇರುವಾಗ ಯಾವ ಊರಿನದೋ ಪುಡಿ ಯಾಕೆ, ಎಮ್ಮೆ ಹಾಲಿಗೆ ನೀರು ಹಾಕಿ ಕುಡಿಸೋಣ ಎಂದಳು. ಮುದುಕವ್ವನಿಗೆ ಸಕ್ಕರೆ ನೀರೇ ಸಾಕು. ಮೂವರೂ ಪಡಸಾಲೆಯಲ್ಲಿ ಕೂತು ಒಂದು ತಾಸು ವಾದ ಹಾಕಿದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇದೆ, ಇಲ್ಲಿ ಹೆಂಡತಿಯನ್ನು ಯಾರೂ ಜಗಳಕ್ಕೂ ಕರೆಯಲಿಲ್ಲ. ಹಾಲಿದ್ದದ್ದು ನನ್ನ ಎದೆಯಲ್ಲಿ, ಮಾತು ಮಾತ್ರ ಅವರದು.

ಹೆರಿಗೆಯಾಗಿ ಮೂರು ದಿನ ಕಳೆಯುವಷ್ಟರಲ್ಲಿ ನನ್ನ ಎದೆ ಕಲ್ಲಾಯಿತು. ಜ್ವರ ಬಂತು. ಆಗ ಕೂಸನ್ನು ತಂದು ಹಚ್ಚಿದರೆ ಅದಕ್ಕೆ ಬಾಯಿ ಹಿಡಿಯಲಾಗಲಿಲ್ಲ, ಅತ್ತು ಮುಖ ತಿರುಗಿಸಿತು. ಜ್ವರದ ಹಾಲೂ ನಂಜೇ ಎಂದಳು ಮುದುಕವ್ವ. ಹಾಗಾಗಿ ಡಬ್ಬಿಯೇ ಗೆದ್ದಿತು. ಫಕ್ಕೀರೇಶ ಕಲಸುವ ರೀತಿ ತೋರಿಸಿಕೊಟ್ಟು, ಮೀಸೆ ತಿರುವಿಕೊಂಡು ಬಸ್ಸು ಹತ್ತಿದ.

ಅವ್ವನ ಕೈ ನಿಮಗೆ ಗೊತ್ತಲ್ಲ. ಜನ್ಮವಿಡೀ ಹಾಲಿಗೆ ನೀರು ಬೆರೆಸಿದ ಕೈ, ಪುಡಿಯನ್ನೂ ಹಾಗೆಯೇ ತೆಳ್ಳಗೆ ಕಲಸಿತು. ಡಬ್ಬಿ ಲಗೂ ಮುಗಿಯಬಾರದು ಎಂಬುದಷ್ಟೇ ಅವಳ ಲೆಕ್ಕ, ಕೆಟ್ಟದ್ದು ಮಾಡಬೇಕೆಂದಲ್ಲ. ಬಾಟಲಿಯನ್ನು ಕೊಟ್ಟಿಗೆಯ ಬಾನಿಯ ನೀರಿನಲ್ಲಿ ಅದ್ದಿ ತೆಗೆದರೆ ತೊಳೆದಂತೆ. ರಬ್ಬರಿನ ತೊಟ್ಟಿನ ಒಳಗೆ ಹಳೆಯ ಹಾಲು ಕಟ್ಟಿಕೊಂಡು ಹುಳಿ ನಾತ ಬಡಿಯುತ್ತಿತ್ತು, ಅದರ ಮೇಲೆ ನೊಣ. ಕೂಸಿಗೆ ಹಸಿರು ಭೇದಿ ಹತ್ತಿತು. ನೀರಿನಂತೆ ಹೋಗುತ್ತಿತ್ತು, ಕೋಣೆ ತುಂಬಾ ಅದೇ ವಾಸನೆ. ಖರೇ ಹೇಳುತ್ತೇನೆ, ನನ್ನ ಕೂಸನ್ನು ಎತ್ತಿಕೊಳ್ಳಲು ನನಗೇ ಅಸಹ್ಯವಾಗುತ್ತಿತ್ತು. ಹಾಗೆ ಅಸಹ್ಯವಾಯಿತೆಂದು ಆಮೇಲೆ ಅಳು. ಎರಡು ವಾರದ ಕೂಸಿನ ಮುಖ ಮುದುಕಿಯ ಮುಖದಂತೆ ಸುಕ್ಕುಗಟ್ಟಿತ್ತು, ನೆತ್ತಿ ಒಳಕ್ಕೆ ಹೋಗಿತ್ತು. ಹೀಗೇ ಬಿಟ್ಟರೆ ಇದು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಅಂದು ಮಧ್ಯಾಹ್ನ ಅವ್ವ ಬಾಟಲಿ ಅಲುಗಾಡಿಸುತ್ತ ಒಳಗೆ ಬಂದಳು. ನಾನು ಅದನ್ನು ಕಸಿದು ಗೋಡೆಗೆ ಎಸೆದೆ. ಗಾಜು ಚೂರಾಯಿತು, ಬಿಳಿ ನೀರು ಗೋಡೆಯಿಂದ ಇಳಿಯಿತು.

“ಚಂದ್ರಿ ಮೊದಲನೇ ಹಾಲು ಊರಿಗೆಲ್ಲಾ ಹಂಚಿದಿ, ನಂದು ಬಚ್ಚಲಕ್ಕ ಚೆಲ್ಲಿದಿ,” ಎಂದೆ. “ಎಮ್ಮಿಗಿಂತ ಕಡಿ ಆದ್ನೇನಬೇ ನಾನು? ಕರದ ಪಾಲು ಕರಕ್ಕ ಅಂತಿ, ನನ್ನ ಕೂಸಿನ ಪಾಲು ಎಲ್ಲಿ ಹೋತು?”

ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಕೈ ಕಂಡರೆ ನನಗೆ ಹೇಸಿಗೆ ಎಂದೂ ಅಂದೆ. ಅವ್ವ ತಿರುಗಿ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಗಾಜಿನ ಚೂರುಗಳ ಮಗ್ಗುಲಲ್ಲೇ ನೆಲಕ್ಕೆ ಕೂತಳು. ಮೆಲ್ಲಗೆ ಮಾತಾಡಿದಳು.

“ನಿನಗಿಂತ ಮೊದಲ ಒಂದು ಗಂಡು ಕೂಸು ಹಡದಿದ್ನಿ. ಯಾರ ಮಾತೂ ಕೇಳಲಿಲ್ಲ, ಕರಕ್ಕ ಬಿಟ್ಟಂಗ ಹುಟ್ಟಿದ ದಿನಾನ ಎದಿಗೆ ಹಾಕ್ಕೊಂಡ್ನಿ. ಚಲೋ ಕುಡೀತು. ವಾರ ತುಂಬೂದ್ರಾಗ ಬಾಯಿ ಬಿಗೀತು. ಬೆನ್ನು ಬಿಲ್ಲಿನಂಗ ಬಾಗಿ ಬಾಗಿ ಸತ್ತು ಹೋತು.”

ನನಗೊಬ್ಬ ಅಣ್ಣನಿದ್ದನೆಂದು ಆವರೆಗೆ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

“ಹಿಂದಿನ ಸೂಲಿನಾಗ ಚಂದ್ರಿ ಕರಾ ಸತ್ತಿತ್ತಲ್ಲಾ,” ಎಂದಳು ಅವ್ವ. “ಚಂದ್ರಿಗೆ ಯಾರರ ಏನರ ಅಂದ್ರೇನು? ಮೈ ತಿಕ್ಕಿ, ತಿನ್ನಾಕ ಹಿಂಡಿ ಇಟ್ವಿ. ನನಗ ನಂಜಿನ ಎದಿಯಾಕಿ ಅಂದ್ರು, ಕೂಸು ತಿಂದಾಕಿ ಅಂದ್ರು. ನಿನ್ನ ಹಡದಾಗ ನನ್ನ ಎದಿ ಮುಟ್ಟಾಕ ನನಗ ಅಂಜಿಕಿ ಆತು.”

ಬಸುರಿದ್ದಾಗ ನನಗೆ ದವಾಖಾನೆಯಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಮಾಡಿದ್ದರು. ಹೊಕ್ಕಳಿಗೆ ಹೊಲಸು ತಾಗಿದರೆ ಕೂಸು ಹಾಗೆಯೇ ಬಿಲ್ಲಿನಂತೆ ಬಾಗಿ ಸಾಯುತ್ತದೆ ಎಂದು ನರ್ಸಬಾಯಿ ಹೇಳಿದ್ದು ನೆನಪಿತ್ತು. ಅಣ್ಣನ ಹೊಕ್ಕಳುಬಳ್ಳಿಯನ್ನು ಯಾವುದರಿಂದ ಕೊಯ್ದಿರಿ ಎಂದು ಕೇಳಿದೆ. ಹುಲ್ಲು ಕೊಯ್ಯುವ ಕುಡುಗೋಲಿನಿಂದ. ಮೇಲೆ ಏನು ಹಚ್ಚಿದಿರಿ? ಸಗಣಿ. ಯಾರು? ಅವ್ವ ಬಾಗಿಲ ಕಡೆ ನೋಡಿದಳು. ಆಚೆ ಮುದುಕವ್ವ ಎಲೆಯಡಿಕೆ ಕುಟ್ಟುತ್ತಿದ್ದವಳು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಚಂಬಿಗೆ ಪಿಚಕ್ಕೆಂದು ಉಗುಳಿ, ಮತ್ತೆ ಕುಟ್ಟತೊಡಗಿದಳು. ಅಷ್ಟು ಹೇಸಿಗೆ ನನಗೆ ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ತನ್ನ ಕೈಯ ಪಾಪವನ್ನು ಸೊಸೆಯ ಎದೆಗೆ ಹಚ್ಚಿ, ಆ ಸೊಸೆಯ ಕೈಯಿಂದಲೇ ಇಷ್ಟು ವರ್ಷ ಬಿಸಿ ರೊಟ್ಟಿ ತಿಂದಿದ್ದಳಲ್ಲ ಈ ಮುದುಕಿ!

ನಂಜು ಸಗಣಿಯಲ್ಲಿತ್ತು, ನಿನ್ನ ಹಾಲಿನಲ್ಲಲ್ಲ ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ನಂಬಿದಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಗಾಜು ಗುಡಿಸಿದಳು. ಬಿಸಿನೀರು ತಂದು ನನ್ನ ಎದೆಗೆ ಕಾವು ಕೊಟ್ಟಳು. ಮುದುಕವ್ವ ಹೊರಗಿನಿಂದ ಕೂಗಿ ಏನೋ ಅಪ್ಪಣೆ ಮಾಡಿದಾಗ, ನನಗೆ ತಿಳಿದ ಮಟ್ಟಿಗೆ ಮೊದಲ ಸಲ, ಅವ್ವ ಓಗೊಡದೆ ಹೋಗಿ ಬಾಗಿಲಿಗೆ ಅಗಳಿ ಹಾಕಿದಳು.

“ಹಚ್ಚು ಹಂಗಾರ,” ಎಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

ಕೂಸು ರಬ್ಬರಿಗೆ ಒಗ್ಗಿತ್ತು, ಮುಖ ತಿರುಗಿಸಿತು, ಅತ್ತಿತು. ಬಲಗಡೆಯ ಎದೆ ಆಗಲೇ ಕೀವು ಕಟ್ಟಿ ಕೆಟ್ಟಿತ್ತು. ಎಡಗಡೆಗೆ ಹಚ್ಚಿ, ಬಿಡಿಸಿ, ಮತ್ತೆ ಹಚ್ಚಿ, ಸಂಜೆಯ ಹೊತ್ತಿಗೆ ಕೂಸು ಹಿಡಿಯಿತು. ಗುಟುಕರಿಸುವ ಸಪ್ಪಳ ಕೇಳಿತು. ಮುಂದೆ ಒಂದು ವರ್ಷ ಆ ಒಂದೇ ಎದೆಯ ಹಾಲು ಕುಡಿದು ನನ್ನ ಮಗಳು ಬದುಕಿದಳು.

ಅವ್ವ ಆ ವಾರ ಹಾವೇರಿಗೆ ಹಾಲು ಒಯ್ಯಲಿಲ್ಲ. ನಾನು ಕೂಸಿಗೆ ಕುಡಿಸುವಾಗಲೆಲ್ಲ ಎದುರಿಗೆ ಕೂತಿರುತ್ತಿದ್ದಳು. ಕೂಸು ಒಂದೊಂದು ಗುಟುಕು ನುಂಗಿದಾಗಲೂ ಅವಳ ಕೈ ಮೆಲ್ಲಗೆ ಅದರ ಬೆನ್ನಿನ ಮೇಲೆ ಹೋಗುತ್ತಿತ್ತು, ಎಲ್ಲಾದರೂ ಬಾಗಿದೆಯೇ ಎಂದು ನೋಡುತ್ತಿತ್ತು.