ದಾರ ಕಟ್ಟಿದ ಗುಲಾಬಿ

ಎಲ್ಲೆಂದರಲ್ಲಿ ಹಬ್ಬುವ ಪುದೀನ ಕೂಡ ನಮ್ಮ ಅತ್ತಿಗೆಯ ಕೈಯಲ್ಲಿ ಒಂದು ವಾರ ಬಾಳುವುದಿಲ್ಲ. ಕೈಗುಣ ಅಂಥದ್ದು. ಅವರು ಊರಿನ ಕೈತೋಟಗಳನ್ನು ಜನರಿಗೆ ತೋರಿಸುವ ಕೆಲಸ ಹಿಡಿದಾಗ ಮೊದಲು ನಕ್ಕವಳು ನಾನೇ. "ಅತ್ತಿಗೆ, ದೂರದಿಂದ ತೋರಿಸಿ, ಏನನ್ನೂ ಮುಟ್ಬೇಡಿ" ಎಂದಿದ್ದೆ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಪರಊರಿನವರಿಗೆ ಲೈನ್ ಕೊಡುವಾಗೆಲ್ಲ "ಓ, ಆ ಹೊಗೆಯ ಊರಾ?" ಎಂಬ ಮಾತು ಕೇಳಿ ಕೇಳಿ ಅವರ ಕಿವಿ ತೂತಾಗಿತ್ತು. ನಮ್ಮ ಊರು ಪತ್ರಿಕೆಯಲ್ಲಿ ಬರುತ್ತಿದ್ದುದೂ ಕಾರ್ಖಾನೆಯ ಹೊಗೆಗೇ, ಇಲ್ಲವೇ ಕಸದ ಗುಡ್ಡಕ್ಕೆ. ಆದರೆ ಕಾಂಪೌಂಡಿನ ಒಳಗೆ, ತಾರಸಿಗಳ ಮೇಲೆ ಜನ ಎಂಥೆಂಥ ಗಿಡ ಬೆಳೆಸಿದ್ದರು! ಅತ್ತಿಗೆ ಬಾಗಿಲು ಬಾಗಿಲು ತಟ್ಟಿ ಮನೆಯವರನ್ನು ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ಬಂದವರನ್ನು ಬೀದಿ ಬೀದಿ ಸುತ್ತಿಸುವುದು. ಟಿಕೆಟ್ಟೂ ಇಲ್ಲ, ಸಂಬಳವೂ ಇಲ್ಲ. ಬರಬರುತ್ತಾ ಪರಊರಿನವರೂ ಬಸ್ಸು ಹತ್ತಿ ಬರತೊಡಗಿದರು.

ಎಲ್ಲರಿಗೂ ಬೇಕಾಗಿದ್ದುದು ಪಕ್ಕದ ಮನೆಯ ಡ್ರೈವರ್ ಮಾಮನ ಗುಲಾಬಿ. ಬಸ್ಸು ಓಡಿಸಿ ನಿವೃತ್ತರಾದ ಒಂಟಿ ಮನುಷ್ಯ. ಜನರಿಗಿಂತ ಗಿಡಗಳ ಜೊತೆಗೇ ಮಾತು ಹೆಚ್ಚು. ಹೃದಯದ ಆಪರೇಷನ್ನಿಗೆ ಹೊರಟಾಗ ಅವರು ಗಿಡಗಳನ್ನು ಅತ್ತಿಗೆಗೆ ಒಪ್ಪಿಸಿದರು.

"ಎರಡು ದಿನಕ್ಕೊಂದ್ಸಲ ನೀರು ಹಾಕಿದ್ರೆ ಸಾಕಮ್ಮ. ಜಾಸ್ತಿ ಅಕ್ಕರೆ ತೋರಿಸೋಕೆ ಹೋಗ್ಬೇಡ."

ಅಕ್ಕರೆ ತೋರಿಸದೆ ಇರುವುದು ಅತ್ತಿಗೆಗೆ ಗೊತ್ತಿದ್ದರೆ ತಾನೇ? ಬೆಳಿಗ್ಗೆ ನೀರು, ಸಂಜೆ ನೀರು, ಮಧ್ಯೆ ಯಾರೋ ಹೇಳಿದ ಗೊಬ್ಬರ. ಎಲೆಗಳು ಹಳದಿಯಾಗಿ ಉದುರಿ, ಕೊನೆಗೆ ಉಳಿದದ್ದು ಬರೀ ಮುಳ್ಳಿನ ಕಡ್ಡಿ. ಅಷ್ಟರಲ್ಲಿ ಮಾಮ ಭಾನುವಾರ ಮನೆಗೆ ಬರುತ್ತಾರೆಂಬ ಸುದ್ದಿ ಬಂತು. ದೊಡ್ಡ ಪತ್ರಿಕೆಯವಳೊಬ್ಬಳು ತೋಟ ನೋಡಲು ಬರುತ್ತೇನೆಂದದ್ದೂ ಅದೇ ಭಾನುವಾರ.

"ಊರಿನ ಮಾನ ಹಾಗಿರ್ಲಿ ಕಣೇ. ಈ ಕಡ್ಡಿ ನೋಡಿ ಮಾಮಂಗೆ ಏನಾದ್ರೂ ಆದ್ರೆ?" ಎಂದು ಅತ್ತಿಗೆ ನನ್ನ ಕೈ ಹಿಡಿದರು. ನಾನೂ ತಮಾಷೆ ಬಿಟ್ಟೆ. ಇಬ್ಬರೂ ಹೂವಿನ ಅಂಗಡಿಯಿಂದ ಗುಲಾಬಿ ತಂದು ಕಡ್ಡಿ ಕಡ್ಡಿಗೂ ಹಸಿರು ದಾರದಿಂದ ಕಟ್ಟಿದೆವು.

ಭಾನುವಾರ ಜನ ನೆರೆದರು. ಪತ್ರಿಕೆಯವಳು ಬಗ್ಗಿ ಒಂದು ಹೂವು ಹಿಡಿದು ಮೂಸಿ ನೋಡಿದಳು. ಹೂವು ದಾರದ ಸಮೇತ ಅವಳ ಕೈಗೇ ಬಂತು. ಗೇಟಿನ ಹತ್ತಿರ ಕಾರು ನಿಂತು ಮಾಮ ಕೋಲೂರಿಕೊಂಡು ಇಳಿದದ್ದೂ ಆಗಲೇ.

ಅತ್ತಿಗೆ ನೇರವಾಗಿ ಅವರ ಮುಂದೆ ಹೋಗಿ ನಿಂತರು. "ಮಾಮ, ನಿಮ್ಮ ಗಿಡ ಸತ್ತಿವೆ. ನಾನೇ ಕೊಂದೆ. ನಿಮಗೆ ನೋವಾಗ್ಬಾರ್ದು ಅಂತ ಹೂವು ಕಟ್ಟಿದ್ವಿ."

ಮಾಮ ನಿಧಾನವಾಗಿ ನಡೆದು ಬಂದು ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರು. ಇನ್ನೊಂದನ್ನು ಕೆರೆದರು, ಅದೂ ಹಸಿರು.

"ಸತ್ತಿಲ್ಲಮ್ಮ. ಸ್ನಾನ ಜಾಸ್ತಿಯಾಗಿ ಸುಸ್ತಾಗಿವೆ, ಅಷ್ಟೇ" ಎಂದರು.

ಮುಂದೆ ಪತ್ರಿಕೆಯಲ್ಲಿ ಬಂದದ್ದು ಆ ದಾರದ ಫೋಟೊ. ಆಸ್ಪತ್ರೆಯಿಂದ ಬರುವ ನೆರೆಯವರಿಗಾಗಿ ಬೋಳು ಗಿಡಕ್ಕೆ ಹೂವು ಕಟ್ಟುವ ಊರು ಎಂದು ಬರೆದಿದ್ದರು. ಹೊಗೆಯ ಮಾತೇ ಇರಲಿಲ್ಲ. ಹೂವಿನಿಂದ ನಾರು ಸ್ವರ್ಗಕ್ಕೆ ಎನ್ನುತ್ತಾರೆ, ನಮ್ಮಲ್ಲಿ ನಾರಿನಿಂದ ಹೂವಿಗೆ ಹೆಸರು ಬಂತು. ಆದರೆ ಆ ಭಾನುವಾರ ಗಿಡದ ಮುಂದೆ ನಿಂತಿದ್ದಾಗ ನಮಗೆ ಅದ್ಯಾವುದೂ ಬೇಕಿರಲಿಲ್ಲ. ಹಸಿರು ಕಂಡಿದ್ದೇ ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕುಳಿತು, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ಎದೆಯ ಮೇಲಿನ ಭಾರ ಇಳಿದಂತಾಯಿತು.

ಮಾಮ ಕೋಲು ಬದಿಗಿಟ್ಟು ಅವರ ಪಕ್ಕದಲ್ಲೇ ಕುಳಿತರು.

"ಅಳ್ಬೇಡಮ್ಮ. ವಾಪಸ್ ಬರ್ತೀನೋ ಇಲ್ವೋ ಅಂತ ನಂಗೂ ತುಂಬ ಭಯ ಇತ್ತು. ಯಾರ ಹತ್ರಾನೂ ಹೇಳಿರ್ಲಿಲ್ಲ."

ಇನ್ನೂ ಮೂರು ಮನೆಯ ತೋಟ ಬಾಕಿಯಿತ್ತು. ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಜನರನ್ನು ನಾನೇ ಮುಂದಿನ ಮನೆಗೆ ಕರೆದುಕೊಂಡು ಹೋದೆ.