ಒಂದೂವರೆ ಅಂಗುಲ

ನನ್ನ ಕೈಕೆಲಸವನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನೋಡಿದವರು ಅದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಒಂದು ಹೊಗಳಿಕೆಗೆ ಹಲ್ಲು ಕಿರಿದು ಒಡಹುಟ್ಟಿದ ಅಣ್ಣನನ್ನು ಜೈಲಿಗೆ ಕಳಿಸಿದವನು ನಾನು. ಕಳಿಸಿದ್ದು ಲಾರಿಯ ಸಾಹುಕಾರ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದೂ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ.

ಐವತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಲಾರಿಗಳಿಗೆ ಬಾಡಿ ಕಟ್ಟುವ ಒಂದು ಷೆಡ್ಡಿತ್ತು. ನಾನು ಅಲ್ಲಿ ಬಡಗಿ. ಆಗೆಲ್ಲ ಲಾರಿ ಇಡಿಯಾಗಿ ಬರುತ್ತಿರಲಿಲ್ಲ. ಇಂಜಿನ್ನು, ಚಕ್ರ, ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಇಷ್ಟೇ ಬರುತ್ತಿದ್ದದ್ದು. ಅದಕ್ಕೆ ಚಾಸಿ ಎನ್ನುತ್ತಿದ್ದೆವು. ಡ್ರೈವರು ಕೂರುವ ಗೂಡು, ಹಿಂದಿನ ತೊಟ್ಟಿ, ಪಕ್ಕದ ಹಲಗೆ ಎಲ್ಲವನ್ನೂ ಮರದಲ್ಲಿ ನಾವೇ ಕಟ್ಟಬೇಕು.

ಚಾಸಿ ತಂದ ಸಾಹುಕಾರರಿಗೆ ಕಾಗದದ ಮೇಲೆ ಗೀಟು ಎಳೆದು ತೋರಿಸಿದರೆ ತಲೆಗೆ ಹತ್ತುತ್ತಿರಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ, ಕೆಲಸವೆಲ್ಲ ಮುಗಿದ ಮೇಲೆ "ನಾ ಏಳಿದ್ದು ಇಂಗಲ್ಲ" ಎಂದು ಜಗಳ ತೆಗೆಯುತ್ತಿದ್ದರು. ಇದಕ್ಕೆ ನಮ್ಮ ಮೇಸ್ತ್ರಿ ಒಂದು ಉಪಾಯ ಮಾಡಿದ್ದರು. ಮೊದಲು ಪುಟ್ಟ ಲಾರಿಯೊಂದನ್ನು ಮಾಡುವುದು. ಅಡಿಗೆ ಒಂದು ಅಂಗುಲದ ಲೆಕ್ಕ. ತೊಟ್ಟಿ ಹದಿನಾಲ್ಕು ಅಡಿಯಾದರೆ ಬೊಂಬೆಯಲ್ಲಿ ಹದಿನಾಲ್ಕು ಅಂಗುಲ. ಸಾಹುಕಾರರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇಂಗೇ ಮಾಡಿ ಎಂದು ಅರಿಸಿನ ಕುಂಕುಮ ಇಟ್ಟರೆ ಮುಗಿಯಿತು, ಅದೇ ಕರಾರು. ಆಮೇಲೆ ಬೊಂಬೆ ಷೆಡ್ಡಿನ ಅಟ್ಟಣೆ ಏರುತ್ತಿತ್ತು. ಲಾರಿ ಯಾವಾಗ ರಿಪೇರಿಗೆ ಬಂದರೂ ಅದರ ಬೊಂಬೆಯನ್ನೂ ಕೆಳಗಿಳಿಸಬೇಕು. ಹಲಗೆ ಬದಲಿಸಿದರೆ ಬೊಂಬೆಗೂ ಬದಲಿಸಬೇಕು, ಬಣ್ಣ ಹೊಡೆದರೆ ಅದಕ್ಕೂ ಹೊಡೆಯಬೇಕು. "ಲಾರಿಗೆ ಆದದ್ದು ಬೊಂಬೆಗೂ ಆಗ್ಬೇಕು ಕಣ್ರಲಾ" ಎಂದು ಮೇಸ್ತ್ರಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಲಾರಿ ಇಟ್ಟವರಿಗೆಲ್ಲ ನಮ್ಮ ಷೆಡ್ಡಿನ ಈ ಪದ್ಧತಿ ಗೊತ್ತಿತ್ತು.

ಬೊಂಬೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಬೇಸರದಿಂದಲೇ ಮಾಡಿದೆ. ಆಮೇಲೆ ಹುಚ್ಚು ಹಿಡಿಯಿತು. ಹಾಲೆಮರದಲ್ಲಿ ಗೂಡು ಕೆತ್ತುತ್ತಿದ್ದೆ. ಹಳೆಯ ಟ್ಯೂಬನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಅಂಟಿಸಿ ಟೈರು ಮಾಡುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯ ತಗಡು ಬಾನೆಟ್ಟಾಗುತ್ತಿತ್ತು, ಕೋಟಿನ ಹಿತ್ತಾಳೆ ಗುಂಡಿ ದೀಪವಾಗುತ್ತಿತ್ತು. ಬರುಬರುತ್ತ ನನಗೆ ದೊಡ್ಡ ಲಾರಿಯ ಕೆಲಸವೇ ರುಚಿಸದೆ ಹೋಯಿತು. ಅದು ಮಳೆಗೆ ನೆನೆಯುತ್ತದೆ, ಹಲಗೆ ಸೀಳುತ್ತದೆ, ಕೂಲಿಯವರು ಎಲೆಅಡಿಕೆ ಉಗಿಯುತ್ತಾರೆ. ನನ್ನದು ಹಾಗಲ್ಲ.

ಚಾಮರಾಜನಗರದ ಒಬ್ಬ ಸಾಹುಕಾರರು ಬಿದಿರು ಸಾಗಿಸಲು ಹೊಸ ಚಾಸಿ ತಂದರು. ಪುಣಜನೂರಿನ ಕಾಡಿನಿಂದ ಬಿದಿರು ತುಂಬಿ ಚಾಮರಾಜನಗರದ ರೈಲ್ವೆ ಸ್ಟೇಷನ್ನಿಗೆ ಹಾಕುವ ಕಂಟ್ರಾಕ್ಟು ಅವರದು. ಆ ಲಾರಿಗೆ ಡ್ರೈವರು ನಮ್ಮಣ್ಣ. ಕುದೇರಿನ ನಮ್ಮ ಮನೆಯಲ್ಲಿ ನೇಗಿಲು ಬಿಟ್ಟು ಸ್ಟೇರಿಂಗ್ ಹಿಡಿದ ಮೊದಲಿಗ ಅವನು. ಲೈಸೆನ್ಸಿನ ಪುಸ್ತಕವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೇ ಇಟ್ಟುಕೊಂಡು ಓಡಾಡುತ್ತಿದ್ದ. ಅಣ್ಣನ ಲಾರಿ ಎಂದು ನಾನು ಆ ಬೊಂಬೆಗೆ ಜೀವವನ್ನೇ ಸುರಿದೆ. ಪಕ್ಕದ ಹಲಗೆಗಳನ್ನು ಜೋಡಿಸದೆ ಒಂದೊಂದೇ ತುಂಡಿನಲ್ಲಿ ಕೆತ್ತಿದೆ. ಹಿಂದಿನ ಬಾಗಿಲಿಗೆ ಸರಪಣಿ ಬೇಕಾಗಿ ಹೆಂಡತಿಯ ಕಿತ್ತುಹೋದ ಕಾಲುಚೈನನ್ನು ಕೇಳದೆ ತೆಗೆದುಕೊಂಡೆ.

"ಇನ್ನೊಂದು ಕಾಲ್ದು ನೆಟ್ಟಗದೆ, ಅದ್ನೂ ಮುರ್ದು ಕೊಟ್ಬುಡ್ಲಾ?" ಎಂದು ಅವಳು ಎರಡು ದಿನ ಸಿಡಿಮಿಡಿ ಎಂದಳು.

ಅಣ್ಣ ಷೆಡ್ಡಿಗೆ ಬಂದಾಗ ಬೊಂಬೆಯ ಗೂಡಿನೊಳಗೆ ಕಣ್ಣಿಟ್ಟು ನೋಡಿದ. ಅವನು ನೀರಿನ ಚೀಲ ತೂಗುಹಾಕುವ ಮೊಳೆಯನ್ನೂ ನಾನು ಹೊಡೆದಿದ್ದೆ. "ಎಲಾ ಇವ್ನ, ಇದ್ನೂ ಬುಟ್ಟಿಲ್ವಲ್ಲಲಾ!" ಎಂದು ನನ್ನ ಬೆನ್ನಿಗೆ ಗುದ್ದಿ ನಕ್ಕ.

ಲಾರಿ ಸರ್ಕಾರದವರಿಂದ ಪಾಸಾಗಿ ಓಡಲು ಶುರುವಾಯಿತು. ಎರಡು ತಿಂಗಳಲ್ಲೇ ಸಾಹುಕಾರರು ವಾಪಸು ತಂದು ನಿಲ್ಲಿಸಿದರು. ಬಿದಿರು ಹಿಂದಕ್ಕೆ ಜೋತಾಡುತ್ತದೆ, ತೊಟ್ಟಿಯನ್ನು ಒಂದೂವರೆ ಅಡಿ ಉದ್ದ ಮಾಡಿಕೊಡಿ ಎಂದರು. ಪಾಸಾದ ಮೇಲೆ ಹಾಗೆ ಉದ್ದ ಮಾಡುವುದು ತಪ್ಪು. ಎಲ್ಲರೂ ಮಾಡಿಸುತ್ತಿದ್ದರು, ನಾವೂ ಮಾಡಿಕೊಡುತ್ತಿದ್ದೆವು. ಅಣ್ಣ ಒಬ್ಬನೇ ಅಡ್ಡ ಮಾತಾಡಿದ್ದು.

"ಬ್ಯಾಡಿ ಬುದ್ಯೋ. ಇಂದ್ಗಡೆ ತೂಕ ಜಾಸ್ತಿ ಆದ್ರೆ ಏರ್ನಲ್ಲಿ ಮುಂದ್ಗಡೆ ಚಕ್ರ ಮ್ಯಾಕೆದ್ಬುಡ್ತವೆ. ಆಮ್ಯಾಕೆ ಸ್ಟೇರಿಂಗು ಯಾತುಕ್ಕೂ ಬರಕಿಲ್ಲ" ಎಂದ.

"ಓಡ್ಸಾಕ್ ಆಗ್ದಿದ್ರೆ ಏಳು, ಬ್ಯಾರೆಯವ್ರು ಕಾಯ್ತಾ ಕುಂತವ್ರೆ" ಎಂದರು ಸಾಹುಕಾರರು. ಅಣ್ಣ ಷೆಡ್ಡಿನಿಂದ ಆಚೆಗೆ ನಡೆದ. ಕಬ್ಬಿಣದ ತೊಲೆ ಮುಗಿದ ಮೇಲೆ ಗಾಳಿಯಲ್ಲಿ ಚಾಚಿಕೊಂಡ ಆ ಒಂದೂವರೆ ಅಡಿಯನ್ನು ಪಟ್ಟಿ ಹೊಡೆದು ಕೂಡಿಸಿದ್ದು ನನ್ನದೇ ಕೈ.

ಪದ್ಧತಿಯಂತೆ ಬೊಂಬೆಯನ್ನೂ ಕೆಳಗಿಳಿಸಿದೆ. ಒಂದೂವರೆ ಅಂಗುಲ ಸೇರಿಸಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿದೆ, ಗರಗಸ ಕೈಗೆ ತೆಗೆದುಕೊಂಡೆ. ಕೊಯ್ಯಲು ಮನಸ್ಸು ಬರಲಿಲ್ಲ. ಒಂದೇ ತುಂಡಿನ ಹಲಗೆಗೆ ತೇಪೆ ಬೀಳುತ್ತದೆ. ಹಿಂದಕ್ಕೆ ಜೋತುಬಿದ್ದ ಲಾರಿ ನೋಡಲೂ ಅಸಹ್ಯ. ಅಷ್ಟು ಹೊತ್ತಿಗೆ ಆ ಬೊಂಬೆಯನ್ನು ನೋಡಲೆಂದೇ ಮೈಸೂರು, ಊಟಿ ಕಡೆಯಿಂದ ಹೋಗಿಬರುವ ಡ್ರೈವರುಗಳು ಷೆಡ್ಡಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ಪೆನ್ಸಿಲ್ ಗುರುತನ್ನು ಒರೆಸಿ ಹಾಗೆಯೇ ಅಟ್ಟಣೆಗೆ ಇಟ್ಟುಬಿಟ್ಟೆ. ಮೇಸ್ತ್ರಿ ನೋಡಿದರು, ಏನೂ ಅನ್ನಲಿಲ್ಲ. ಅದನ್ನು ಅವರ ದೊಡ್ಡತನ ಎಂದುಕೊಂಡೆ.

ಪುಣಜನೂರಿನ ಈಚೆಗೆ ರಸ್ತೆ ಒಂದು ಹಳ್ಳಕ್ಕೆ ಇಳಿದು, ದಾಟಿದ ಕೂಡಲೇ ಕಡಿದಾಗಿ ಏರುತ್ತದೆ. ಆ ಏರಿನಲ್ಲಿ ಅಣ್ಣ ಹೇಳಿದ್ದು ಹೇಳಿದ ಹಾಗೆಯೇ ಆಯಿತು. ಮುಂದಿನ ಚಕ್ರಗಳು ನೆಲ ಬಿಟ್ಟವು, ಲಾರಿ ಹಿಂದಕ್ಕೆ ಜಾರಿ ಹಳ್ಳಕ್ಕೆ ಮಗುಚಿತು. ಬಿದಿರಿನ ಮೇಲೆ ಕೂತಿದ್ದ ಕೂಲಿಯಾಳು ಅಲ್ಲೇ ಸತ್ತ. ಅವನು ಪುಣಜನೂರಿನವನೇ. ಅಣ್ಣನ ಬಲಗೈ ಮುರಿಯಿತು.

ಸಾಹುಕಾರರು ಚುರುಕಿನ ಮನುಷ್ಯ. ಒಡೆದ ತೊಟ್ಟಿಯ ಮರವನ್ನೆಲ್ಲ ಎರಡು ಗಾಡಿಯಲ್ಲಿ ಹೇರಿಸಿ ಇಟ್ಟಿಗೆ ಗೂಡಿಗೆ ಸೌದೆ ಮಾಡಿಬಿಟ್ಟರು, ಚಾಸಿ ಮೈಸೂರಿಗೆ ಹೋಯಿತು. ಮೂರನೆಯ ದಿನ ನಾನು ಹೋಗಿ ನೋಡಿದಾಗ ಅಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಬ್ರೇಕು ಸರಿಯಾಗಿಯೇ ಇತ್ತು ಎಂದು ತಪಾಸಣೆಯವರು ಬರೆದರು. ಎಚ್ಚರವಿಲ್ಲದೆ ಓಡಿಸಿ ಆಳನ್ನು ಕೊಂದ ಎಂದು ಅಣ್ಣನ ಮೇಲೆ ಮೊಕದ್ದಮೆ ಬಿತ್ತು.

ತೊಟ್ಟಿಯನ್ನು ಉದ್ದ ಮಾಡಿದ್ದರು ಎಂದು ಸಾಬೀತಾದರೆ ಅಣ್ಣ ಉಳಿದುಕೊಳ್ಳುತ್ತಾನೆ, ಬೇರೆ ದಾರಿಯಿಲ್ಲ ಎಂದರು ಅವನ ವಕೀಲರು. ಅತ್ತಿಗೆ ನಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದಳು: "ನೀನೊಂದ್ ಮಾತು ಏಳುದ್ರೆ ಸಾಕು ಕಣಪ್ಪ. ಕಟ್ದವ್ನು ನೀನೇ ಅಲ್ವಾ? ನಿಂಗಿಂತ ಗೊತ್ತಿರೋರು ಇನ್ಯಾರವ್ರೆ?"

ಹೇಳುತ್ತೇನೆ ಎಂದೆ. ಕೆಲಸ ಹೋದರೆ ಹೋಗಲಿ ಎಂದು ನಿಜವಾಗಿಯೂ ತೀರ್ಮಾನಿಸಿದ್ದೆ. ಅಷ್ಟು ಮಾನ ನನಗೂ ಇತ್ತು. ಆದರೆ ಬೊಂಬೆಯನ್ನು ತಿದ್ದದೆ ಬಿಟ್ಟಿದ್ದೇನೆ ಎಂಬುದನ್ನು ವಕೀಲರಿಗೆ ತಿಳಿಸಲಿಲ್ಲ. ಮರೆತುಹೋಗಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಚಾಮರಾಜನಗರದ ಕೋರ್ಟಿನಲ್ಲಿ ಸಾಹುಕಾರರು ಉದ್ದ ಮಾಡಿಸಿಯೇ ಇಲ್ಲ ಎಂದು ದೇವರ ಮೇಲೆ ಪ್ರಮಾಣ ಮಾಡಿದರು. ಮೇಸ್ತ್ರಿಯೂ ಅದನ್ನೇ ಹೇಳಿ, ಪಂಚೆಯಲ್ಲಿ ಸುತ್ತಿ ತಂದಿದ್ದ ಬೊಂಬೆಯನ್ನು ಮೇಜಿನ ಮೇಲಿಟ್ಟರು. ನಮ್ಮ ಷೆಡ್ಡಿನಲ್ಲಿ ಲಾರಿಗೆ ಏನಾದರೂ ಬೊಂಬೆಗೂ ಆಗುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನ ಸರದಿ. ತೊಟ್ಟಿಯನ್ನು ಒಂದೂವರೆ ಅಡಿ ಉದ್ದ ಮಾಡಿದ್ದು ನಾನೇ ಎಂದು ಗಟ್ಟಿಯಾಗಿ ಹೇಳಿದೆ. ಕಟಕಟೆಯಲ್ಲಿ ನಿಂತಿದ್ದ ಅಣ್ಣ ಕಣ್ಣು ಮುಚ್ಚಿ ತೆರೆದ.

ಸರ್ಕಾರದ ವಕೀಲರು ನನ್ನನ್ನು ಪ್ರಶ್ನೆ ಮಾಡಲು ಎದ್ದರು. ಇದು ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. ಮೇಸ್ತ್ರಿ ಹೇಳಿದ ಪದ್ಧತಿ ನಿಜವೇ ಎಂದರು. ನಿಜ ಎಂದೆ. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರು ಕೈಚಾಚಿ ಬೊಂಬೆಯನ್ನು ತರಿಸಿಕೊಂಡರು. ಕನ್ನಡಕ ಸರಿಮಾಡಿಕೊಂಡು ಚಕ್ರ ಉರುಳಿಸಿದರು. ಹಿಂದಿನ ಬಾಗಿಲಿನ ಸರಪಣಿ ಬಿಚ್ಚಿದರು, ಮತ್ತೆ ಹಾಕಿದರು. ಇಡೀ ಕೋರ್ಟು ಕತ್ತು ಚಾಚಿ ನೋಡುತ್ತಿತ್ತು.

"ಬಹಳ ಚೆನ್ನಾಗಿದೆ" ಎಂದು ಅವರು ನನ್ನ ಮುಖ ನೋಡಿ ನಕ್ಕರು. "ಎಲ್ಲಿ ಕಲಿತೆಯಪ್ಪ ಇದನ್ನು?"

"ಯಾರೂ ಕಲಿಸಲಿಲ್ಲ ಸ್ವಾಮಿ, ನಾನೇ ಕಲಿತದ್ದು" ಎಂದೆ. ನನಗೆ ನೆಲ ಕಾಣುತ್ತಿರಲಿಲ್ಲ. ನಮ್ಮಂಥ ಬಡಗಿಯನ್ನು ಅಂಥ ದೊಡ್ಡ ಮನುಷ್ಯರು ಅಷ್ಟು ಜನರ ಮುಂದೆ ಮಾತಾಡಿಸಿದ್ದು ಅದೇ ಮೊದಲು. ನಾನು ನಗುತ್ತಿದ್ದೆ.

ಸರ್ಕಾರದ ವಕೀಲರು ಆ ಗಳಿಗೆಯನ್ನೇ ಕಾಯುತ್ತಿದ್ದರೋ ಏನೋ, ಮೆಲ್ಲಗೆ ಕೇಳಿದರು: "ಇಷ್ಟು ಚೆನ್ನಾಗಿ ಮಾಡಿದ್ದೀರಿ. ಇದರಲ್ಲಿ ಏನಾದರೂ ತಪ್ಪಿದೆಯೇ?"

"ಕೂದಲೆಳೆಯಷ್ಟೂ ಇಲ್ಲ ಸ್ವಾಮಿ" ಎಂದೆ.

ಅವರು ಜೇಬಿನಿಂದ ಅಡಿಪಟ್ಟಿ ತೆಗೆದು ತೊಟ್ಟಿಯನ್ನು ಅಳೆದು, ಹದಿನಾಲ್ಕು ಅಂಗುಲ, ಪಾಸಾದಾಗಿನ ಹದಿನಾಲ್ಕು ಅಡಿಯ ಲೆಕ್ಕವೇ ಎಂದು ಓದಿದರು. ಆಗ ನನಗೆ ಪ್ರಜ್ಞೆ ಬಂತು. ನಾನು ತಿದ್ದಿರಲಿಲ್ಲ, ಅಂದ ಕೆಡುತ್ತದೆ ಎಂದು ಬಿಟ್ಟಿದ್ದೆ ಎಂದು ತೊದಲಿದೆ. "ಅಣ್ಣನಿಗಾಗಿ ಒಂದು ಮಾತು, ಬೊಂಬೆಗಾಗಿ ಒಂದು ಮಾತು. ಇವರಿಗೆ ಎರಡು ನಾಲಿಗೆ" ಎಂದು ಅವರು ಕೂತುಬಿಟ್ಟರು. ಮ್ಯಾಜಿಸ್ಟ್ರೇಟರು ಈಗ ನನ್ನ ಕಡೆ ನೋಡುತ್ತಿರಲಿಲ್ಲ. ಅಣ್ಣನಿಗೆ ಒಂಬತ್ತು ತಿಂಗಳ ಸಜೆಯಾಯಿತು, ಲೈಸೆನ್ಸು ಹೋಯಿತು.

ನನ್ನ ಕೆಲಸ ಹೋಗಲಿಲ್ಲ. ಅದಕ್ಕಿಂತ ಅವಮಾನ ಇನ್ನೊಂದು ಬೇಕಿರಲಿಲ್ಲ. ಸಾಹುಕಾರರಿಗೆ ನನ್ನ ಮೇಲೆ ಯಾವ ಕೋಪವೂ ಇರಲಿಲ್ಲ. ಮುಂದಿನ ವರ್ಷ ಇನ್ನೊಂದು ಚಾಸಿ ತಂದಾಗ ಬೊಂಬೆಯನ್ನು ನಾನೇ ಮಾಡಬೇಕು ಎಂದು ಹಟ ಹಿಡಿದರು. ಮಾಡಿಕೊಟ್ಟೆ. ಚೆನ್ನಾಗಿಯೇ ಮಾಡಿಕೊಟ್ಟೆ, ಬೇಕೆಂದೇ ಕೆಡಿಸುವುದಕ್ಕೂ ನನ್ನ ಕೈ ಬಗ್ಗಲಿಲ್ಲ.

ಅಣ್ಣ ಬಿಡುಗಡೆಯಾಗಿ ಬಂದು, ಸರಿಯಾಗಿ ಕೂಡದ ಕೈಯಲ್ಲೇ ಚಾಮರಾಜನಗರದ ಸ್ಟೇಷನ್ನಿನಲ್ಲಿ ಬಿದಿರು ಇಳಿಸುವ ಕೂಲಿಗೆ ಸೇರಿದ. ನನ್ನ ಜೊತೆ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಒಂದು ಮಧ್ಯಾಹ್ನ ಏನೋ ಕೆಲಸಕ್ಕೆಂದು ಗುಂಡ್ಲುಪೇಟೆಗೆ ಬಂದವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತ. ಹೆಂಡತಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಎಡಗೈಯಲ್ಲಿ ಮುದ್ದೆ ಮುರಿಯುವುದು ಅವನಿಗೆ ಅಭ್ಯಾಸವಾಗಿತ್ತು. ನಾನು ಸಾಹುಕಾರನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

"ಬುಡ್ಲಾ" ಎಂದ ಅಣ್ಣ. "ಅವ್ನು ಸುಳ್ಳೇಳ್ತನೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಾನು ಅವತ್ತು ನಿನ್ ಮಕಾನೇ ನೋಡ್ತಾ ನಿಂತಿದ್ದಿ ಕಣ್ಲಾ. ಚೆಂದಾಗದೆ ಅಂದ್ರಲ್ಲ, ಆಗ ನೀ ನಗಾಡ್ದೆ. ನಾ ಜೈಲ್ಗೆ ಓದ್ದು ಆಗ್ಲೇಯ."

ನನ್ನ ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ.

"ಜೈಲು ಆಗೋಯ್ತು, ಬುಡು. ಸತ್ತೋದ್ನಲ್ಲ, ಅವ್ನ ಎಡ್ತಿ ಸಂತೆಗೆ ಬಂದಾಗೆಲ್ಲ ಸ್ಟೇಷನ್ ತಾವ್ಕೆ ಬಂದು ನನ್ ಮುಂದೆ ಮಣ್ಣು ತೂರ್ತಳೆ. ನನ್ ಗಂಡುನ್ನ ತಿಂದ್ಕಂಡೆ ಅಂತಳೆ. ನಾ ಏನೇಳ್ಲಿ ಅವ್ಳ್ಗೆ? ನನ್ ತಮ್ಮ ಬೊಂಬೆಯ ಚೆಂದಾಗಿ ಮಾಡಿದ್ದ ಕಣಮ್ಮಿ, ಕೊಯ್ಯಾಕೆ ಮನ್ಸು ಬರ್ನಿಲ್ಲ ಅನ್ಲಾ?"

ಊಟ ಮುಗಿಸಿ, ಕೈತೊಳೆದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಹೋದ.

ಹೇಳಬೇಕಾದವನು ನಾನು, ಅವನಲ್ಲ. ಪುಣಜನೂರು ದೂರದ ಊರೇನೂ ಅಲ್ಲ. ಆ ಹೆಂಗಸಿನ ಮನೆಬಾಗಿಲಿಗೆ ಹೋಗಿ ನಡೆದದ್ದನ್ನು ಹೇಳಿಬರೋಣ ಎಂದು ಎರಡು ಸಲ ಬಸ್ಸು ಹತ್ತಿದೆ. ಎರಡು ಸಲವೂ ಚಾಮರಾಜನಗರದಲ್ಲಿ ಇಳಿದು, ಕಾಫಿ ಕುಡಿದು, ವಾಪಸು ಬಂದೆ. ಅವಳು ಸಾಯುವವರೆಗೂ ನಮ್ಮಣ್ಣನನ್ನೇ ಬೈದಳು.