ದಿನಕ್ಕೆ ಒಂಬತ್ತೂವರೆ ಸಲ

ಬೆನ್ನು ಕೈಕೊಟ್ಟ ಮೇಲೆ ವೆಂಡೆಲ್ ಟಕೆಟ್ ಟೊಮೆಟೊ ಲಾರಿ ಓಡಿಸುವುದನ್ನು ಬಿಟ್ಟ. ಆಗ ಅವನಿಗೆ ಐವತ್ತಮೂರು. ಭಾರ ಎತ್ತದೆ, ಕೂತಲ್ಲೇ ಮಾಡುವಂಥ ಕೆಲಸ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ವಾಹನ ಎಣಿಸುವ ಕೆಲಸ. ಎಲ್ಲೆಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದವೋ ಅಲ್ಲೆಲ್ಲ ನಗರಸಭೆಯವರು ಒಂದು ಕಂಪನಿಗೆ ಎಣಿಕೆ ವಹಿಸುತ್ತಿದ್ದರು. ಕಂಪನಿಯವರು ವೆಂಡೆಲ್‌ನಂಥವರನ್ನು ನಾಲ್ಕು ರಸ್ತೆ ಕೂಡುವಲ್ಲಿ ಕೂರಿಸುತ್ತಿದ್ದರು. ಮಡಚುವ ಕುರ್ಚಿ, ಛತ್ರಿ, ನೀರಿನ ಕ್ಯಾನು, ತೊಡೆಯ ಮೇಲೆ ಗುಂಡಿಗಳ ಹಲಗೆ. ಎಡಕ್ಕೆ ತಿರುಗಿದ್ದಕ್ಕೆ ಒಂದು ಗುಂಡಿ, ಬಲಕ್ಕೆ ಇನ್ನೊಂದು, ನೇರ ಹೋದದ್ದಕ್ಕೆ ಮತ್ತೊಂದು. ನಾಲ್ಕು ದಿಕ್ಕಿಗೂ ಹೀಗೇ. ನಡೆದು ದಾಟುವವರಿಗೆ ಮೂಲೆಯಲ್ಲಿ ಬೇರೆ ಗುಂಡಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ.

ಹಾಗೆ ಒಂಬತ್ತು ವರ್ಷ ಕಳೆಯಿತು. ಕ್ಯಾಲಿಫೋರ್ನಿಯಾದ ನಡುಕಣಿವೆಯ ಕಾರ್ಲಾನ್ ಎಂಬ ಅವನ ಊರು ಅವನ ಕಣ್ಣೆದುರೇ ಬಾದಾಮಿ ತೋಟಗಳನ್ನು ನುಂಗುತ್ತ ಪೂರ್ವಕ್ಕೆ ಬೆಳೆಯಿತು. ಮರ ಕಡಿದಲ್ಲಿ ಗೋಡೆ ಎದ್ದಿತು, ಗೋಡೆ ಎದ್ದಲ್ಲಿಂದ ಕಾರುಗಳು ಹೊರಬಂದವು, ಅವನು ಗುಂಡಿ ಒತ್ತಿದ. ರಾತ್ರಿ ಕಣ್ಣು ಮುಚ್ಚಿದರೂ ಬೆರಳು ತಾನಾಗಿ ಅಲ್ಲಾಡುತ್ತಿತ್ತು. ಅವನು ಎಣಿಸಿದ್ದು ಯಾರ ಕೈಗೆ ಹೋಗುತ್ತದೆ, ಅದರಿಂದ ಏನಾಗುತ್ತದೆ ಎಂದು ಅವನು ಕೇಳಿದವನಲ್ಲ.

ಆ ವರ್ಷ ಮೇ ತಿಂಗಳಲ್ಲಿ, ಕಾಲುವೆ ರಸ್ತೆ ಕೂಡುವಲ್ಲಿ ಅವನು ಕೂತಿದ್ದಾಗ ಮುದುಕಿಯೊಬ್ಬಳು ಕೈಯಲ್ಲಿ ಕಾಗದ ಹಿಡಿದು ರಸ್ತೆ ದಾಟಿ ನೇರ ಅವನ ಬಳಿಗೇ ಬಂದಳು. ತಲೆಗೆ ಕಪ್ಪು ಬಟ್ಟೆ, ಕಣ್ಣಿಗೆ ದಪ್ಪ ಕನ್ನಡಕ. ಹೆಸರು ಇಡಾಲಿನಾ ಸಿಲ್ವೇರಾ. ಸಾಗರದಾಚೆಯ ದ್ವೀಪಗಳಿಂದ ವಲಸೆ ಬಂದ ಪೋರ್ಚುಗೀಸರ ಪೈಕಿ. ಮೂವತ್ತು ವರ್ಷ ಒಂದು ಡೈರಿಯ ಆಳುಮನೆಯಲ್ಲಿದ್ದಳು. ಗಂಡ ತೀರಿಕೊಂಡ, ಡೈರಿ ಮಾರಾಟವಾಯಿತು, ಆಳುಮನೆ ಖಾಲಿ ಮಾಡಬೇಕಾಗಿತ್ತು. ಗಂಡ ಯಾವ ಕಾಲದಲ್ಲೋ ಕೊಂಡಿಟ್ಟ ತುಂಡು ನಿವೇಶನ ಊರೊಳಗಿತ್ತು. ಅಲ್ಲಿ ಕಾರ್ಖಾನೆಯಲ್ಲೇ ಕಟ್ಟಿ ಲಾರಿಯಲ್ಲಿ ತರುವಂಥ ಎರಡು ಕೋಣೆಯ ಸಿದ್ಧ ಮನೆಯೊಂದನ್ನು ಇಳಿಸಬೇಕೆಂದು ನಗರಸಭೆಗೆ ಅರ್ಜಿ ಹಾಕಿದ್ದಳು.

"ಎಣಿಸೋನು ನೀನೇ ಏನಯ್ಯಾ?"

"ಹೌದಮ್ಮಾ." ಒಂದು ಪಿಕಪ್ ಎಡಕ್ಕೆ ತಿರುಗಿತು, ಗುಂಡಿ ಒತ್ತಿದ.

"ನಾನು ದಿನಕ್ಕೆ ಒಂಬತ್ತೂವರೆ ಸಲ ಕಾರಲ್ಲಿ ಓಡಾಡ್ತೀನಿ ಅಂತ ಬರೆದುಕೊಟ್ಟಿದ್ದೀಯಲ್ಲ, ನನ್ನನ್ನ ಎಲ್ಲಿ ನೋಡಿದೆ?"

"ನಾನು ಹಾಗೆಲ್ಲ ಬರೆಯಲ್ಲಮ್ಮ. ಬರೀ ಎಣಿಸೋದು."

"ನನಗೆ ಕಾರೇ ಇಲ್ಲ. ಕಣ್ಣು ಕಾಣಲ್ಲ ಅಂತ ಲೈಸೆನ್ಸ್ ಕಿತ್ಕೊಂಡು ಆರು ವರ್ಷ ಆಯ್ತು. ಒಂಬತ್ತು ಸಲ ಹೋದೆ ಅಂತಲೇ ಇಟ್ಕೋ, ಆ ಅರ್ಧ ಸಲ ಹೋಗಿ ಎಲ್ಲಿ ನಿಲ್ಲಲಿ? ಕಾಲುವೆ ಸೇತುವೆ ಮೇಲಾ?"

ಅವನಿಗೆ ನಗು ಬಂತು, ನಗಲಿಲ್ಲ. ಶಾಲೆ ಬಸ್ಸು ನೇರ ಹೋಯಿತು, ಒತ್ತಿದ. ಅವಳು ಕಾಗದವನ್ನು ಅವನ ಮೂಗಿನ ಹತ್ತಿರ ಹಿಡಿದಳು. ಹೊಸ ಮನೆಗೆ ನಗರಸಭೆ ಹಾಕುವ ಅಭಿವೃದ್ಧಿ ಶುಲ್ಕ: ದಿನಕ್ಕೆ ಒಂಬತ್ತೂವರೆ ಓಡಾಟದ ಲೆಕ್ಕದಲ್ಲಿ ರಸ್ತೆಗೆ ಇಷ್ಟು, ನೀರಿಗೆ, ಒಳಚರಂಡಿಗೆ, ಪಾರ್ಕಿಗೆ, ಅಗ್ನಿಶಾಮಕ ಠಾಣೆಗೆ ಇಷ್ಟಿಷ್ಟು. ಎಲ್ಲ ಸೇರಿ ಮೂವತ್ತೊಂದು ಸಾವಿರ ಡಾಲರ್. ಅವಳು ಕೊಳ್ಳಬೇಕೆಂದಿದ್ದ ಹಳೆಯ ಸಿದ್ಧ ಮನೆಯ ಬೆಲೆ ಅದಕ್ಕಿಂತ ಕಡಿಮೆ.

"ನಾನು ದಾಟಿ ಬಂದ್ನಲ್ಲ, ಈಗ ನನ್ನನ್ನ ಒತ್ತಿದ್ಯಾ?"

"ಒತ್ತಿದೆ."

"ವಾಪಸ್ ಹೋಗ್ತೀನಿ, ಇನ್ನೊಂದು ಸಲ ಒತ್ತು," ಎಂದು ಹೇಳಿ ಅವಳು ಹೊರಟೇಹೋದಳು.

ಆ ಸಂಜೆ ವೆಂಡೆಲ್ ಮೊದಲ ಬಾರಿಗೆ ನಗರಸಭೆಯ ವರದಿಯನ್ನು ಕಂಪ್ಯೂಟರಿನಲ್ಲಿ ತೆರೆದು ಓದಿದ. ಇನ್ನೂರು ಪುಟ. ಕೊನೆಯಲ್ಲಿ ಅವನ ಎಣಿಕೆಯ ಹಾಳೆಗಳೇ ಇದ್ದವು. ಆದರೆ ಆ ಒಂಬತ್ತೂವರೆ ಅವನದಲ್ಲ. ಅದು ದೇಶದುದ್ದಕ್ಕೂ ಯಾರೋ ಎಣಿಸಿ ತೆಗೆದ ಸರಾಸರಿ, ಒಂದು ಮನೆಗೆ ಇಷ್ಟು ಎಂದು. ಅವನ ಎಣಿಕೆ ತೋರಿಸುತ್ತಿದ್ದುದು ಕೂಡುರಸ್ತೆಗಳು ಎಷ್ಟು ತುಂಬಿವೆ ಎಂಬುದನ್ನು ಮಾತ್ರ. ಅದೂ ಸುಳ್ಳಲ್ಲ. ಕಾಲುವೆ ರಸ್ತೆಯಲ್ಲಿ ಸಿಗ್ನಲ್ ಇಲ್ಲದೆ ಎರಡು ಕಾರುಗಳು ಗುದ್ದಿ, ಒಬ್ಬ ದಾದಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಹಾಗೇ ಉಳಿದದ್ದನ್ನು ಅವನು ಹತ್ತು ಮಾರು ದೂರದಿಂದ ನೋಡಿದ್ದ. ಸಿಗ್ನಲ್ ಬೇಕು. ದುಡ್ಡು ಯಾರಾದರೂ ಕೊಡಲೇಬೇಕು.

"ನಿನಗ್ಯಾಕೆ ಇದೆಲ್ಲ?" ಎಂದಳು ಹೆಂಡತಿ ಜೂನೆಲ್. ಟೈರ್ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದು ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು.

"ನನ್ನ ಹತ್ರ ಬಂದು ಕೇಳಿದ್ಲು ಕಣೆ."

"ರಸ್ತೇಲಿ ಕೂತಿರೋದು ನೀನೊಬ್ಬನೇ, ಅದಕ್ಕೆ ಕೇಳಿದ್ಲು. ನಗರಸಭೇಲಿ ಎಲ್ರೂ ಗಾಜಿನ ಹಿಂದೆ ಇರ್ತಾರೆ."

ಮಾರನೆಯ ದಿನ ಅವನು ನಗರಸಭೆಯ ಸಾರಿಗೆ ಇಂಜಿನಿಯರ್ ಗ್ಲೆನ್ ನಕಾಯನಿಗೆ ಫೋನ್ ಮಾಡಿದ. ನಕಾಯ ಸಭ್ಯ ಮನುಷ್ಯ. ಯಾರ ಮೇಲೂ ದನಿ ಎತ್ತುವವನಲ್ಲ.

"ನಿಯಮದಲ್ಲಿ ದಾರಿ ಇದೆ ವೆಂಡೆಲ್. ತನ್ನ ಮನೆಯಿಂದ ಓಡಾಟ ಕಮ್ಮಿ ಅಂತ ಆಕೆ ಲೆಕ್ಕ ಕೊಟ್ರೆ ರಸ್ತೆ ಬಾಬ್ತು ಇಳಿಸಬಹುದು. ಆದ್ರೆ ಅಂಥ ವರದಿ ಮಾಡಿಸೋಕೇ ಐದಾರು ಸಾವಿರ ಬೀಳುತ್ತೆ."

"ನಾನೇ ಎಣಿಸಿದ್ರೆ?"

"ಎಣಿಸಿ. ನೋಡೋಣ."

ಇಡಾಲಿನಾಳ ಮನೆ ಇನ್ನೂ ಬಂದಿರಲಿಲ್ಲ, ಅಂಥದೇ ಮನೆಗಳನ್ನು ಎಣಿಸಬೇಕಿತ್ತು. ಹಳೆಯ ಕಾರ್ಖಾನೆಯೊಂದರ ಹಿಂದೆ ಒಬ್ಬಂಟಿ ಮುದುಕರೇ ಇದ್ದ ಹನ್ನೆರಡು ಸಿದ್ಧ ಮನೆಗಳ ಸಾಲಿತ್ತು. ವೆಂಡೆಲ್ ಅದರ ಗೇಟಿನ ಬಳಿ ತನ್ನ ರಜೆಯ ಏಳು ದಿನ ಕೂತ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ. ಹೆಚ್ಚು ಹೊತ್ತು ಒತ್ತುವುದಕ್ಕೆ ಏನೂ ಇರಲಿಲ್ಲ. ಔಷಧಿ ತರುವ ವ್ಯಾನು, ಭಾನುವಾರ ತಾಯಿಯನ್ನು ಚರ್ಚಿಗೆ ಕರೆದೊಯ್ಯಲು ಬರುವ ಒಬ್ಬ ಮಗಳು, ಬೆಕ್ಕಿಗೆ ತಿಂಡಿ ತರಲು ದಿನಾ ಹೊರಡುವ ಒಬ್ಬ ಮುದುಕ. ಇಡಾಲಿನಾ ಎರಡು ದಿನ ನಡೆದು ಬಂದು, ತಾನೇ ಮಾಡಿದ ಸಿಹಿ ಬ್ರೆಡ್ಡು ಕೊಟ್ಟು, ಪಕ್ಕದಲ್ಲಿ ಡಬ್ಬ ಬೋರಲು ಹಾಕಿ ಕೂತಳು.

"ಇಷ್ಟು ಸುಮ್ನೆ ಕೂರೋಕೆ ನಿನಗೆ ಸಂಬಳ ಕೊಡ್ತಾರಾ?"

"ಇದಕ್ಕೆ ಇಲ್ಲಮ್ಮ. ಇದು ಪುಕ್ಕಟೆ."

"ಹಾಗಾದ್ರೆ ನೀನು ದಡ್ಡ," ಎಂದಳು. ಆಮೇಲೆ ಇನ್ನೊಂದು ತುಂಡು ಬ್ರೆಡ್ಡು ಮುರಿದುಕೊಟ್ಟಳು.

ಲೆಕ್ಕ ಹಾಕಿದರೆ ಒಂದು ಮನೆಗೆ ದಿನಕ್ಕೆ ಮೂರು ಸಲದ ಓಡಾಟವೂ ಬರಲಿಲ್ಲ. ವೆಂಡೆಲ್ ಅದನ್ನು ಅಚ್ಚುಕಟ್ಟಾಗಿ ಬರೆದು ಕೊಟ್ಟ. ಎರಡು ವಾರದ ಮೇಲೆ ಕಾಗದ ವಾಪಸ್ಸು ಬಂತು. ಲೆಕ್ಕ ಸರಿಯಿದೆ, ಆದರೆ ಪರವಾನಗಿಯುಳ್ಳ ಇಂಜಿನಿಯರ್ ಸಹಿ ಇಲ್ಲ, ಸ್ವೀಕರಿಸಲಾಗದು. ನಗರಸಭೆ ಸದಸ್ಯರ ಸಭೆಯಲ್ಲಿ ಮನವಿ ಮಾಡಿಕೊಳ್ಳಬಹುದು.

ಸಭೆಯಲ್ಲಿ ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಇಡಾಲಿನಾ ತನ್ನ ನಿಮಿಷಗಳನ್ನು ವೆಂಡೆಲ್‌ಗೆ ಬಿಟ್ಟಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈಕಿನ ಮುಂದೆ ನಿಂತು, ಎಣಿಸಿದ್ದನ್ನು ಓದಿದ. ಓದಿ ಮುಗಿಸಿದಾಗ ಇನ್ನೂ ಒಂದು ನಿಮಿಷ ಉಳಿದಿತ್ತು. ಹಾಳೆಯನ್ನು ಮಡಚಿ ಜೇಬಿಗಿಟ್ಟ.

ಸದಸ್ಯೆ ಡೊನೆಟಾ ಹೆನ್ಸ್ಲಿ ಕನ್ನಡಕ ತೆಗೆದು ಕೇಳಿದಳು. "ಟಕೆಟ್ ಅವರೇ, ನಿಮ್ಮ ಲೆಕ್ಕ ನಾನು ನಂಬ್ತೀನಿ. ಆದ್ರೆ ಶುಲ್ಕ ಹಾಕೋದು ಆ ಅಮ್ಮನ ಮೇಲಲ್ಲ, ಮನೆ ಮೇಲೆ. ನಾಳೆ ಇವರು ಅದನ್ನ ಮಾರಿದ್ರೆ, ನಾಲ್ಕು ಕಾರಿರೋ ಕುಟುಂಬ ಬಂದು ಕೂತ್ರೆ, ಆಗ ಯಾರ ಹತ್ರ ಕೇಳೋಣ?"

ಒಂಬತ್ತು ವರ್ಷ ವೆಂಡೆಲ್ ನೋಡಿದ್ದು ಅದನ್ನೇ: ಮನೆ ನಿಲ್ಲುತ್ತದೆ, ಜನ ಬದಲಾಗುತ್ತಾರೆ, ಕಾರುಗಳು ಹೆಚ್ಚುತ್ತವೆ. "ಗೊತ್ತಿಲ್ಲಮ್ಮ," ಎಂದ.

"ನಾನು ಸತ್ತ ಮೇಲಿನ ಕಾರಿಗೆ ನಾನು ಈಗಲೇ ದುಡ್ಡು ಕೊಡಬೇಕಾ?" ಎಂದು ಹಿಂದಿನ ಸಾಲಿನಿಂದ ಇಡಾಲಿನಾ ಕೇಳಿದಳು. ಕೆಲವರು ನಕ್ಕರು. ಅಧ್ಯಕ್ಷರು ಅವಳಿಗೆ ಸುಮ್ಮನಿರಲು ಹೇಳಿದರು.

ಶುಲ್ಕ ಇಳಿಯಲಿಲ್ಲ. ಒಂದು ಸವಲತ್ತು ಕೊಟ್ಟರು: ಮನೆಗೆ ಸೇರುವ ಮುಂಚೆ ಪೂರ್ತಿ ಕಟ್ಟಬೇಕಿಲ್ಲ, ಆಸ್ತಿ ತೆರಿಗೆಯ ಜೊತೆ ಹತ್ತು ವರ್ಷದಲ್ಲಿ ತೀರಿಸಬಹುದು. ಹೊರಗೆ ಮೆಟ್ಟಿಲ ಮೇಲೆ ವೆಂಡೆಲ್ ಸೋತವನ ಹಾಗೆ ನಿಂತಿದ್ದ. ಇಡಾಲಿನಾ ಅವನ ತೋಳು ಹಿಡಿದು ಮೆಟ್ಟಿಲಿಳಿದಳು.

"ಅರವತ್ತೆಂಟು ಆಯ್ತು ನನಗೆ. ಹತ್ತು ವರ್ಷ ಬದುಕಿದ್ದು ಪೂರ್ತಿ ಕಟ್ಟೋದು ಯಾವ ಭಾಗ್ಯಾನೋ," ಎಂದಳು. "ಸಹಿ ಎಲ್ಲಿ ಹಾಕ್ಬೇಕು ತೋರಿಸು, ಕಾಣಲ್ಲ ನನಗೆ."

ಮುಂದಿನ ವರ್ಷ ಅಕ್ಟೋಬರಿನಲ್ಲಿ ಅವಳ ಮನೆ ಬಂದು ಇಳಿಯಿತು. ಅಷ್ಟರಲ್ಲಿ ವೆಂಡೆಲ್‌ಗೆ ಕೆಲಸವಿರಲಿಲ್ಲ. ಎಣಿಸುವವನೇ ಅರ್ಜಿದಾರರ ಪರ ಮಾತಾಡಿದರೆ ಎಣಿಕೆಯನ್ನು ಯಾರು ನಂಬುತ್ತಾರೆ ಎಂದು ಕಂಪನಿಯವರು ಬೇಜಾರಿನಲ್ಲೇ ಹೇಳಿದರು; ಹೇಗೂ ಎಣಿಸುವುದಕ್ಕೆ ಕಂಬಗಳಿಗೆ ಕ್ಯಾಮೆರಾ ಬರುವುದಿತ್ತು. ಅವನು ಜಗಳವಾಡಲಿಲ್ಲ. ಹಲಗೆಯನ್ನು ಒರೆಸಿ ವಾಪಸ್ಸು ಕೊಟ್ಟ.

ಸುದ್ದಿ ಮಾತ್ರ ಊರಲ್ಲಿ ಹರಡಿತ್ತು. ಒಂದು ಶನಿವಾರ ಯಾರೋ ಗಂಡಸು ಫೋನ್ ಮಾಡಿದ. ಕಾಲುವೆಯಾಚೆ ತಮ್ಮನಿಗೊಂದು ಪುಟ್ಟ ಮನೆ ಕಟ್ಟುತ್ತಿದ್ದೇನೆ, ಶುಲ್ಕದ ಚೀಟಿ ನೋಡಿ ತಲೆ ತಿರುಗಿತು, ನೀವು ಬಂದು ಎಣಿಸಿ ಕೊಡುತ್ತೀರಂತಲ್ಲ ಎಂದ. ಅಡುಗೆಮನೆಯಲ್ಲಿ ಜೂನೆಲ್ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಇಲ್ಲಪ್ಪ," ಎಂದ ವೆಂಡೆಲ್. "ನಾನು ಎಣಿಸಿದ್ರೂ ಅವರು ತಗೊಳ್ಳಲ್ಲ, ನನ್ನ ಕೈಲಿ ಇನ್ನಾಗಲ್ಲ. ನಕಾಯ ಅಂತಿದ್ದಾರೆ ನಗರಸಭೇಲಿ, ಒಳ್ಳೆಯವರು. ನಂಬರ್ ಹೇಳ್ತೀನಿ, ಬರ್ಕೊಳ್ಳಿ."

ಆ ಮನುಷ್ಯ ಪೆನ್ನು ಹುಡುಕಿ ಬರುವವರೆಗೂ ಅವನು ಫೋನು ಹಿಡಿದು ಗೋಡೆಗೆ ಒರಗಿ ನಿಂತಿದ್ದ.